ಆರು ವರ್ಷದ ಮಗು ಮನೆಯಲ್ಲಿ ಇಂಟರ್ನೆಟ್ ಬಳಸುವಾಗ ಏನೇನು ಜಾಗ್ರತೆ ಬೇಕು?

ಮೊದಲು ಯೂಟ್ಯೂಬ್ ಕಿಡ್ಸ್ ನೋಡಿಕೊಳ್ಳಿ. ಆಪ್ ಹಾಕಿದ ಮಾತ್ರಕ್ಕೆ ಆಗಲ್ಲ. ಸೋಸುವ ಕೆಲಸ ಬಹುಪಾಲು ಯಂತ್ರದ್ದು, ಕಣ್ತಪ್ಪಿ ಬರುವುದು ಬಂದೇ ಬರುತ್ತದೆ. ನೀವು ಒಪ್ಪಿದ ವಿಡಿಯೊಗಳಷ್ಟೇ ಕಾಣುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಆರಿಸಿದರೆ ಮಗುವಿಗೆ ಹುಡುಕಾಟವೇ ಸಿಗುವುದಿಲ್ಲ. ಚಾನೆಲ್ ಆರಿಸಿಡಲು ಒಂದು ಸಂಜೆ ಹೋಗುತ್ತೆ, ಹೋಗಲಿ.

ಆಮೇಲೆ ವೈಫೈ ರೌಟರ್‌ನ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3, ಎರಡನೆಯದಕ್ಕೆ 1.0.0.3 ಹಾಕಿ. ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿಯ ಈ ಉಚಿತ ಸೇವೆ ಅಶ್ಲೀಲ ಸೈಟುಗಳನ್ನು ತಡೆಯುತ್ತದೆ. ಮೊಬೈಲ್ ಡೇಟಾ ಆನ್ ಇದ್ದರೆ ಮಾತ್ರ ಇದರ ಆಟ ನಡೆಯಲ್ಲ, ಮಗುವಿಗೆ ಕೊಡುವ ಫೋನಿನಲ್ಲಿ ಅದನ್ನು ಆಫ್ ಮಾಡಿ.

ಗೇಮ್‌ಗಳ ಚಾಟ್ ಸುಮ್ನೆ ಮುಚ್ಚಿಬಿಡಿ. ಈ ವಯಸ್ಸಿಗೆ ಅದು ಯಾಕೆ, ಅಲ್ವಾ? ಹೆಡ್‌ಫೋನೂ ಬೇಡ. ಶಬ್ದ ಜೋರಾಗಿ ಕೇಳ್ತಿದ್ದರೆ ಏನು ಓಡ್ತಿದೆ ಅಂತ ಅಡುಗೆಮನೆಯಿಂದಲೇ ಗೊತ್ತಾಗುತ್ತೆ.