ಗಾಜಿನ ಟ್ಯೂಬು, 20 ನಿಮಿಷ

ಸಿಂಧನೂರು ಕಡೆಯಿಂದ ಪತ್ರ ಬರೆದ ತಂಗಿಗೆ,

ನಿಮ್ಮ ಪತ್ರ ಬಂದು ಹತ್ತು ದಿನ ಆಯ್ತು, ಬರೀಲಿಕ್ಕೆ ಕೂತಾಗೆಲ್ಲ ಕೈನ ಓಡ್ತಿರ್ಲಿಲ್ಲ. ನಮ್ಮ ಡಾಕ್ಟ್ರು ತೀರಿಕೊಂಡ ಸುದ್ದಿ ಹೋದ ಸಂಚಿಕಿಯಾಗ ಬರೇ ನಾಲ್ಕು ಸಾಲು ಹಾಕೀರಿ, ಅಂಥ ಮನಷ್ಯಾಗ ಇಷ್ಟೇ ಏನ್ರಿ ಅಂತ ಕೇಳೀರಿ. ಕೇಳಿದ್ದು ಸರಿ ಐತಿ. ಬಳ್ಳಾರಿ ಮೆಡಿಕಲ್ ಕಾಲೇಜಿನಾಗ ಒಂದೇ ಬೆಂಚಿನ ಮ್ಯಾಲ ಕೂತು ಓದಿದ ದೋಸ್ತ ಅವ, ತೀರಿಕೊಂಡ ವಾರದಾಗ ನನ್ನ ಕೈಲೆ ಅಷ್ಟೇ ಆಗಿದ್ದು.

ಇನ್ನೊಂದು ಕೇಳೀರಿ. ನೆಲ್ಲು ಕೊಯ್ಯೋ ಟೈಮಿನಾಗ ನಿಮ್ಮ ಅಣ್ಣಗ ಹಾವು ಕಡಿದು ರಾತ್ರಿ ಕರ್ಕೊಂಡು ಹೋದ್ರ, ಡಾಕ್ಟ್ರು ಒಂದು ಗಾಜಿನ ಟ್ಯೂಬಿನಾಗ ರಕ್ತ ಹಾಕಿ ಕಿಟಕಿ ಕಟ್ಟಿ ಮ್ಯಾಲ ಇಟ್ಟು ವಾಚ್ ನೋಡ್ಕೋತ ಸುಮ್ನ ಕೂತಿದ್ರು, ಇಂಜೆಕ್ಷನ್ ಯಾಕ ಲಗೂನ ಕೊಡವಲ್ರು ಅಂತ ನಮಗ ಸಿಟ್ಟು ಬಂದಿತ್ತು, ಅದೇನು ಅಂತ.

ತಂಗಿ, ನನ್ನ ದೋಸ್ತ ಅಂದ್ರನ ಆ ಟ್ಯೂಬು. ಕೊಳಕುಮಂಡಲ, ಇಲ್ಲಾ ನಮ್ಮ ಕಲ್ಲುಭೂಮಿಯ ಸಣ್ಣ ಗರಗಸಮಂಡಲ ಕಡಿದ್ರ ರಕ್ತ ಹೆಪ್ಪುಗಟ್ಟೋದನ್ನ ಆ ವಿಷ ಕೆಡಿಸಿಬಿಡ್ತೈತಿ. 2 ಎಂಎಲ್ ರಕ್ತ ತಗದು ಹೊಸಾ, ಒಣಾ ಗಾಜಿನ ಟ್ಯೂಬಿನಾಗ ಹಾಕಿ 20 ನಿಮಿಷ ಅಲ್ಲಾಡಿಸದಂಗ ಇಡಬೇಕು, ಆಮ್ಯಾಲ ಒಮ್ಮೆ ಬಗ್ಗಿಸಿ ನೋಡಬೇಕು. ನೀರಿನಂಗ ಹರಿದ್ರ ವಿಷ ಏರೇತಿ ಅಂತ, ತಕ್ಷಣ ಔಷಧಿ ಶುರು. ಗಟ್ಟಿ ಆದ್ರೂ ಮನಿಗೆ ಕಳಸಂಗಿಲ್ಲ, ಅರ್ಧ ತಾಸಿಗೊಮ್ಮೆ ಮತ್ತ ನೋಡಬೇಕು. ಕರೆಂಟ್ ಬ್ಯಾಡ, ಮಷಿನ್ ಬ್ಯಾಡ, ಆದ್ರ ಒಬ್ಬರು ಎದ್ದಿರಬೇಕು. ಅವ ಎದ್ದಿರ್ತಿದ್ದ.

ನಾ ಒಮ್ಮೆ ಇದರಾಗ ತಪ್ಪು ಮಾಡೀನಿ. ಒಂದು ಸಣ್ಣ ಆಸ್ಪತ್ರ್ಯಾಗ ಇದ್ದೆ, ಒಬ್ಬ ಹುಡುಗನ ರಕ್ತ ಗಟ್ಟಿ ಆಗ್ಲಿಲ್ಲ, ಹಾವಿನ ವಿಷ ಇಳಿಸೋ ಔಷಧಿ 10 ವಯಲ್, ಅಂದ್ರ ಹತ್ತು ಸಣ್ಣ ಬಾಟ್ಲಿ, ಏರಿಸಿದೆ, ಆ ಔಷಧಿ ಒಗ್ಗದ ಸ್ವಲ್ಪ ಹೊತ್ತಿನಾಗ ಹುಡುಗನ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು, ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು ಹೆಂಗೋ ಉಳಿಸ್ಕೊಂಡ್ವಿ. ಫೋನ್ ಮಾಡಿದೆ, ದೋಸ್ತ ಬೈಕ್ ಮ್ಯಾಲ ಬಂದ. ಹುಡುಗನ್ನ ನೋಡಿ, ಆಮ್ಯಾಲ ಸ್ಟ್ಯಾಂಡಿನಾಗಿದ್ದ ಇನ್ನೊಂದು ಖಾಲಿ ಟ್ಯೂಬ್ ತಗೊಂಡು ನಾಲ್ಕು ಹನಿ ನೀರು ಹಾಕಿ ಜೋರಾಗಿ ಅಲ್ಲಾಡಿಸಿ ಲೈಟಿಗೆ ಹಿಡಿದ. ನೊರಿ ಬಂತು. ಸೋಪಿನ ಪುಡಿಯಾಗ ತೊಳೆದ ಟ್ಯೂಬು! ಸೋಪಿನ ಅಂಶ ಉಳಿದ್ರ ಒಳ್ಳೇ ರಕ್ತಾನೂ ಗಟ್ಟಿ ಆಗಂಗಿಲ್ಲ, ನೋಡದ ಬಳಸಿದವ ನಾನು. ಒಂದು ಮಾತು ಅನ್ಲಿಲ್ಲ ಅವ. ಮುಂದಿನ ವಾರ ಹೊಸಾ ಟ್ಯೂಬಿನ ಡಬ್ಬಿ ತಂದು ನನ್ನ ಟೇಬಲ್ ಮ್ಯಾಲ ಇಟ್ಟು ಚಾ ಕುಡಿದು ಹೋದ.

ಮಂತ್ರ ಹಾಕ್ಸಿಕೊಂಡು ತಡ ಮಾಡಿ ಬಂದವರಿಗೆ ನಾವೆಲ್ಲ ಬೈತಿದ್ವಿ, ಅವ ಬೈತಿರ್ಲಿಲ್ಲ. ಮಂತ್ರ ಹಾಕೋ ಅಜ್ಜನ ಮನಿಗೇ ಹೋಗಿ, ಯಜ್ಜಾ ನೀ ಮಂತ್ರ ಹಾಕು, ಬ್ಯಾಡ ಅನ್ನಂಗಿಲ್ಲ, ಆದ್ರ ಗಾಡಿಯಾಗ ಕೂತು ಹಾಕು ಅಂದ. ಆಮ್ಯಾಲ ಆ ಅಜ್ಜನ ಎಷ್ಟೋ ಮಂದೀನ ಕರ್ಕೊಂಡು ಬಂದಾನ.

2024ರ ಫೆಬ್ರವರಿಯಾಗ ಹಾವು ಕಡಿದ ಪ್ರತಿ ಕೇಸೂ ಸರ್ಕಾರಕ್ಕ ತಿಳಿಸಬೇಕು ಅಂತ ಕರ್ನಾಟಕದಾಗ ಆದೇಶ ಆದಾಗ ಮುಂಜಾನೆನ ಫೋನ್ ಮಾಡಿದ್ದ. ನಮ್ಮ ರೈತರು ಲೆಕ್ಕಕ್ಕರ ಬಂದ್ರಲ್ಲೋ ಅಂದ. ಆ ದನಿ ಇನ್ನೂ ಕಿವಿಯಾಗ ಐತಿ. ಅವ ಮಾತ್ರ ಯಾರೂ ಹೇಳದನ ಮೊದಲಿಂದ ಬರೆದಿಟ್ಟಿದ್ದ, ಅವನ ಮನಿಯವರು ಆ ನೋಟ್‌ಬುಕ್ ನನಗ ಕೊಟ್ಟಾರ. ಊರು, ಹೊತ್ತು, ಟ್ಯೂಬ್ ಗಟ್ಟಿ ಆಯ್ತೋ ಇಲ್ಲೋ, ಎಷ್ಟು ವಯಲ್, ಎಲ್ಲಾ ಐತಿ. ನಿಮ್ಮ ಊರಿನ ಹೆಸರು ಮೂರು ಕಡೆ ಸಿಕ್ತು. ಅಣ್ಣಗ ಕಡಿದದ್ದು ಯಾವ ವರ್ಷ, ಯಾವ ತಿಂಗಳು ಅಂತ ಬರೆದು ಕಳಸ್ರಿ, ಆ ಪುಟ ಹುಡುಕಿ ಜೆರಾಕ್ಸ್ ಮಾಡಿ ಕಳಸ್ತೀನಿ.

ಸಂಪಾದಕ