ಗುಳಿಗೆ ನನಗೆ, ವಿವರ ಮಗನಿಗೆ: ಇದು ಸರಿಯೇ?

ಪ್ರಶ್ನೆ: ನಾನು 74 ವರ್ಷದ ನಿವೃತ್ತ ಶಿಕ್ಷಕಿ, ಕಲಬುರಗಿಯ ಒಂದು ವೃದ್ಧಾಶ್ರಮದಲ್ಲಿದ್ದೇನೆ. ಹೋದ ತಿಂಗಳು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ವರದಿ ಹೈದರಾಬಾದಿನಲ್ಲಿರುವ ಮಗನ ಮೊಬೈಲಿಗೆ ಹೋಯಿತು. ಅಂದಿನಿಂದ ಮುಂಜಾನೆ ಚಹಾದ ಜೊತೆ ಎರಡು ಹೊಸ ಗುಳಿಗೆ ಕೊಡುತ್ತಿದ್ದಾರೆ. ಯಾತಕ್ಕೆಂದು ಕೇಳಿದರೆ, "ಮಗನಿಗೆ ಎಲ್ಲಾ ಹೇಳೀವ್ರಿ ಅಮ್ಮ, ನೀವು ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಾರೆ. ನನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕು ನನಗಿಲ್ಲವೇ?
— ಹೆಸರು ಬೇಡ, ಕಲಬುರಗಿ

ಉತ್ತರ: ಖಂಡಿತ ಇದೆ. ಆ ಹಕ್ಕು ಮೊದಲು ನಿಮ್ಮದು. ನೀವು ಒಪ್ಪಿದರೆ ಮಾತ್ರ ಮಗನಿಗೂ ವಿವರ ತಿಳಿಸಬಹುದು. ವೃದ್ಧಾಶ್ರಮ ಸೇರಿದ ಮಾತ್ರಕ್ಕೆ, ಶುಲ್ಕವನ್ನು ಮಗನೇ ಕಟ್ಟುತ್ತಿದ್ದರೂ, ನಿಮ್ಮ ದೇಹದ ಬಗ್ಗೆ ತೀರ್ಮಾನಿಸುವ ಅಧಿಕಾರ ಇನ್ನೊಬ್ಬರಿಗೆ ಹೋಗುವುದಿಲ್ಲ.

ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ 44 ವರ್ಷದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಬುದ್ಧಿ ಸ್ವಸ್ಥವಾಗಿರುವ ವಯಸ್ಕರ ಪರವಾಗಿ ಹೆತ್ತ ತಾಯಿಯ ಒಪ್ಪಿಗೆಯೂ ಸಲ್ಲದು ಎಂದು ನ್ಯಾಯಾಲಯ ಹೇಳಿತು. ತಾಯಿಗೆ ಇಲ್ಲದ ಆ ಅಧಿಕಾರ ಮಗನಿಗಾಗಲಿ, ಆಶ್ರಮದ ವ್ಯವಸ್ಥಾಪಕರಿಗಾಗಲಿ ಇರುವುದಿಲ್ಲ. ಚಿಕಿತ್ಸೆ ಏನು, ಏಕೆ, ಅದರ ಅಪಾಯಗಳೇನು, ಬೇರೆ ದಾರಿ ಇದೆಯೇ, ಬೇಡವೆಂದರೆ ಏನಾಗಬಹುದು ಎಂಬುದನ್ನು ವೈದ್ಯರು ರೋಗಿಗೇ ಹೇಳಬೇಕು, ಅದೂ ರೋಗಿಗೆ ತಿಳಿಯುವ ಭಾಷೆಯಲ್ಲಿ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕಿವಿಗೆ ಬೀಳುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನಿಮ್ಮವರು ಮುಚ್ಚಿಡುತ್ತಿರುವುದು ಪ್ರೀತಿಯಿಂದಲೇ ಇರಬಹುದು. ಆದರೆ ಗೊತ್ತಿಲ್ಲದ ಕಾಯಿಲೆಯ ಭಯ ರಾತ್ರಿಯಿಡೀ ನಿದ್ದೆಗೆಡಿಸುತ್ತದೆ ಎಂಬುದನ್ನು ಅವರೂ ತಿಳಿಯಬೇಕು.

ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವರದಿ ಮತ್ತು ಔಷಧಿ ಚೀಟಿಯ ಪ್ರತಿ ಕೇಳಿ ಆಸ್ಪತ್ರೆಗೆ ನಿಮ್ಮ ಸಹಿಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಬರೆಯಿರಿ. ಆಶ್ರಮದವರು ಅಡ್ಡಿ ಮಾಡಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಮಹಿಳೆಯಾದ ನಿಮಗೆ, ಪಿಂಚಣಿ ಎಷ್ಟೇ ಬರುತ್ತಿದ್ದರೂ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ.

ಇದಕ್ಕೆಲ್ಲ ಮೊದಲು ಮಗನಿಗೆ ಫೋನ್ ಮಾಡಿ, ಮೊಬೈಲಿನಲ್ಲಿರುವ ವರದಿಯನ್ನು ನಿಮಗೆ ಓದಿ ಹೇಳುವಂತೆ ಕೇಳಿ.