ಪ್ರತಿಕ್ರಿಯೆ: ಪರದೆಯಲ್ಲಿ ಕಟ್ಟಿದ ಜಾಬನ್ನು ಗಿಟ್‌ಗೆ ತರುವುದು ಹೇಗೆ?

ಮುಧೋಳದ ಕಬ್ಬಿನ ತೂಕದ ಡೇಟಾ ತರುವ ಜಾಬನ್ನು (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ಡೇಟಾಬ್ರಿಕ್ಸ್ ಎಂಬ ಡೇಟಾ ಕೆಲಸದ ಕ್ಲೌಡ್ ವೇದಿಕೆಯ ಪರದೆಯಲ್ಲೇ ಕ್ಲಿಕ್ ಮಾಡಿ ಕಟ್ಟಿದ್ದೀರಿ. ಅದು ಓಡುವ ಸಮಯವನ್ನು ಯಾರೋ ಬದಲಿಸಿದ್ದಾರೆ, ಯಾರು ಅಂತ ಗೊತ್ತಿಲ್ಲ. ಮತ್ತೆ ಮೊದಲಿಂದ ಬರೆಯದೆ ಅದನ್ನು ಕೋಡ್ ಮಾಡಿ, ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಸುವ ಗಿಟ್‌ನಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು.

ಬಂಡಲ್ ಅಂದ್ರೆ ಜಾಬ್‌ನ ಸೆಟ್ಟಿಂಗ್ ಮತ್ತು ಕೋಡನ್ನು ಫೈಲ್‌ಗಳಾಗಿ ಒಟ್ಟಿಗೆ ಇಡುವ ಪ್ರಾಜೆಕ್ಟ್. ಟರ್ಮಿನಲ್‌ನಲ್ಲಿ ‘ಡೇಟಾಬ್ರಿಕ್ಸ್ ಬಂಡಲ್ ಇನಿಟ್’ ಕಮಾಂಡ್ ಕೊಟ್ಟು ಅದನ್ನು ಶುರು ಮಾಡಿ. ಆಮೇಲೆ ‘ಬಂಡಲ್ ಜನರೇಟ್ ಜಾಬ್’ ಕಮಾಂಡ್‌ಗೆ ಹಳೆಯ ಜಾಬ್‌ನ ಐಡಿ ಕೊಡಿ. ಸೆಟ್ಟಿಂಗ್ ಎಲ್ಲ ಯಾಮಲ್ ಎಂಬ ಸರಳ ಪಠ್ಯದ ಫೈಲ್ ಆಗಿ ಇಳಿಯುತ್ತದೆ, ಜಾಬ್‌ನ ಕೋಡ್ ಇರುವ ನೋಟ್‌ಬುಕ್‌ಗಳೂ ಜೊತೆಗೆ ಬರುತ್ತವೆ. ಅದನ್ನು ಗಿಟ್‌ಗೆ ಹಾಕಿ.

ಎಡವೋದು ಇದರ ಮುಂದಿನ ಹೆಜ್ಜೆಯಲ್ಲಿ. ಈ ಫೈಲನ್ನು ಸುಮ್ನೆ ಡಿಪ್ಲಾಯ್ ಮಾಡಿದರೆ (ಡೇಟಾಬ್ರಿಕ್ಸ್‌ಗೆ ಏರಿಸಿದರೆ) ಹಳೆಯ ಜಾಬ್ ಹಾಗೇ ಇರುತ್ತದೆ, ಪಕ್ಕದಲ್ಲಿ ಹೊಸದೊಂದು ಹುಟ್ಟುತ್ತದೆ. ಎರಡೂ ಓಡಿದರೆ ಒಂದೇ ಟ್ರ್ಯಾಕ್ಟರಿನ ಕಬ್ಬು ಎರಡು ಸಲ ಲೆಕ್ಕಕ್ಕೆ ಬೀಳಬಹುದು. ರೈತರ ಬಿಲ್ಲಿನ ವಿಷಯ, ಹುಡುಗಾಟ ಅಲ್ಲ. ಹಾಗಾಗಿ ಮೊದಲು ನಿಜವಾದ ಕೆಲಸ ನಡೆಯುವ ಪ್ರೊಡ್ ಟಾರ್ಗೆಟ್‌ನಲ್ಲಿ ‘ಬಂಡಲ್ ಡಿಪ್ಲಾಯ್‌ಮೆಂಟ್ ಬೈಂಡ್’ ಕೊಟ್ಟು ಫೈಲನ್ನು ಹಳೆಯ ಐಡಿಗೆ ಜೋಡಿಸಿ. ಅಲ್ಲಿಂದ ಮುಂದೆ ಪರದೆಯಲ್ಲಿ ಯಾರು ಏನೇ ತಿದ್ದಿದರೂ ಮುಂದಿನ ಡಿಪ್ಲಾಯ್‌ನಲ್ಲಿ ಅಳಿಸಿ ಹೋಗುತ್ತದೆ. ನಿಮಗೆ ಬೇಕಿದ್ದೂ ಅದೇ ಅಲ್ವಾ? ಜೊತೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಜಗಳ ಗ್ಯಾರಂಟಿ.

ಪ್ರಯೋಗ ಮಾಡಿ ನೋಡುವ ಡೆವ್ ಟಾರ್ಗೆಟ್‌ನಲ್ಲಿ ಡೆವಲಪ್‌ಮೆಂಟ್ ಮೋಡ್ ಇಟ್ಟರೆ ಜಾಬ್ ಹೆಸರಿನ ಮುಂದೆ ಡೆವ್ ಅಂತ ಸೇರುತ್ತದೆ, ಶೆಡ್ಯೂಲ್ ನಿಂತಿರುತ್ತದೆ. ಓಡ್ತಿಲ್ಲ ಅಂತ ಗಾಬರಿ ಬೇಡ, ‘ಬಂಡಲ್ ರನ್’ ಕೊಟ್ಟು ಓಡಿಸಿ ನೋಡಿ. ಪಾಸ್‌ವರ್ಡ್ ಮಾತ್ರ ಯಾಮಲ್‌ನಲ್ಲಿ ಬರೆಯಬೇಡಿ, ಗುಟ್ಟಿನ ಮಾಹಿತಿ ಕಾಪಾಡುವ ಸೀಕ್ರೆಟ್ ಸ್ಕೋಪ್‌ನಲ್ಲಿಡಿ.

ಪ್ರೊಡ್‌ನಲ್ಲಿ ‘ಬಂಡಲ್ ಡಿಸ್ಟ್ರಾಯ್’ ಮುಟ್ಟಲೇಬೇಡಿ. ಬೈಂಡ್ ಮಾಡಿದ ಹಳೆಯ ಜಾಬೂ ಅದರ ಜೊತೆ ಹೋಗುತ್ತದೆ.